ಮೊದಲ ಪಂಕ್ತಿಯಲ್ಲಿ ಕೂತ ಪುಟ್ಟ ರಾಜ್ಯ

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಬಾಸ್ಟನ್ನಿನಿಂದ ಒಂದು ಗಂಟೆಯ ದಾರಿಯಲ್ಲಿ ನ್ಯಾಶುವಾ ಎಂಬ ಊರಿದೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯಕ್ಕೆ ಸೇರಿದ್ದು. ಅಲ್ಲಿ ನಮ್ಮ ಮಗಳ ಮನೆ. 2023ರ ಡಿಸೆಂಬರಿನಲ್ಲಿ ನಾನೂ ನಮ್ಮಾಕೆಯೂ ಸಾಗರದಿಂದ ಹೊರಟು ಅಲ್ಲಿ ಇಳಿದಾಗ ಹಿಮ ನೋಡುವ ಹುಮ್ಮಸ್ಸಿತ್ತು. ಹಿಮಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಚುನಾವಣೆ. ಮನೆ ಮುಂದಿನ ಅಂಚೆ ಡಬ್ಬಿ ತೆರೆದರೆ ಬಣ್ಣಬಣ್ಣದ ಕರಪತ್ರ, ಟೀವಿ ಹಾಕಿದರೆ ಅಭ್ಯರ್ಥಿಗಳ ಜಾಹೀರಾತು, ಊಟಕ್ಕೆ ಕೂತರೆ ಫೋನಿನ ರಿಂಗಣ. ರಾಷ್ಟ್ರಾಧ್ಯಕ್ಷರ ಚುನಾವಣೆ ನವೆಂಬರಿನಲ್ಲಲ್ಲವೇ, ಈಗಲೇ ಏಕೆ ಈ ಗಲಾಟೆ ಎಂದು ಕೇಳಿದೆ. "ಅಪ್ಪ, ಇದು ಟಿಕೆಟ್ ಕೊಡುವ ಚುನಾವಣೆ. ಅದರಲ್ಲಿ ನಾವೇ ಮೊದಲು" ಎಂದಳು ಮಗಳು. ಆ 'ನಾವೇ ಮೊದಲು' ಎಂಬ ಮಾತಿನಲ್ಲಿ ಒಂದು ಬಗೆಯ ಹೆಮ್ಮೆಯಿತ್ತು.

ನಮ್ಮಲ್ಲಿ ಪಕ್ಷದ ಟಿಕೆಟ್ ಯಾರಿಗೆಂದು ಹೈಕಮಾಂಡ್ ತೀರ್ಮಾನಿಸುತ್ತದೆ. ಬಿ ಫಾರಂ ಹಿಡಿದು ಬಂದವನೇ ಅಭ್ಯರ್ಥಿ. ಅಮೆರಿಕದಲ್ಲಿ ಈ ಕೆಲಸವನ್ನು ಮತದಾರರೇ ಮಾಡುತ್ತಾರೆ. ಇದಕ್ಕೆ ಪ್ರೈಮರಿ ಎಂದು ಹೆಸರು. ಎಲ್ಲ ರಾಜ್ಯಗಳಲ್ಲೂ ಇದು ಒಂದೇ ದಿನ ನಡೆಯುವುದಿಲ್ಲ. ಜನವರಿಯಿಂದ ಜೂನ್‌ವರೆಗೆ ಒಂದಾದ ಮೇಲೊಂದು ರಾಜ್ಯ ಮತ ಹಾಕುತ್ತ ಹೋಗುತ್ತದೆ, ಹಾಕಿದ ರಾತ್ರಿಯೇ ಎಣಿಕೆ. ಮೊದಲ ರಾಜ್ಯಗಳಲ್ಲಿ ಸೋತವರು ದುಡ್ಡೂ ಹೆಸರೂ ಬತ್ತಿ ಮನೆಗೆ ಹೋಗುತ್ತಾರೆ. ಕೊನೆಯ ರಾಜ್ಯಗಳ ಪಾಲಿಗೆ ಉಳಿದವರಷ್ಟೇ. ಮದುವೆ ಮನೆಯ ಪಂಕ್ತಿಯ ಹಾಗೆ. ಮೊದಲ ಪಂಕ್ತಿಗೆ ಹೋಳಿಗೆ, ತುಪ್ಪ. ಕಡೇ ಪಂಕ್ತಿಗೆ ತಿಳಿಸಾರು.

2024ರ ಜನವರಿ 23ರಂದು ಮಗಳ ಜೊತೆ ನಾನೂ ಮತಗಟ್ಟೆಗೆ ಹೋದೆ. ಮೂಗು ಉದುರಿ ಬೀಳುವಂಥ ಚಳಿ. ಶಾಲೆಯ ಹೊರಗೆ ಗಂಡಸರು ಹೆಂಗಸರು ಅಭ್ಯರ್ಥಿಗಳ ಹೆಸರಿನ ಫಲಕ ಹಿಡಿದು, ಕಾಲು ಕುಣಿಸುತ್ತ ನಿಂತಿದ್ದರು. ಒಳಗೆ ಮಕ್ಕಳು ಮನೆಯಲ್ಲಿ ಮಾಡಿದ ಕೇಕು ಮಾರುತ್ತಿದ್ದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದು, ಹತ್ತಾರು ಸಲ ಪೆಟ್ಟಿಗೆ ಹೊತ್ತು ಚುನಾವಣಾ ಕರ್ತವ್ಯಕ್ಕೆ ಹೋದ ನನಗೆ ಇದೆಲ್ಲ ಊರ ಜಾತ್ರೆಯಂತೆ ಕಂಡಿತು. ಬೆರಳಿಗೆ ಶಾಯಿ ಇಲ್ಲ. ಯಾವ ಪಕ್ಷದ ಮತಪತ್ರ ಬೇಕು ಎಂದು ಕೇಳಿ ಕೊಡುತ್ತಾರೆ. ಯಾವ ಪಕ್ಷಕ್ಕೂ ಸೇರದವರು ಅಲ್ಲೇ ಒಂದು ಪಕ್ಷ ಆರಿಸಿಕೊಂಡು, ಮತ ಹಾಕಿ, ಹೊರಡುವ ಮುಂಚೆ ಇನ್ನೊಂದು ಮೇಜಿನಲ್ಲಿ ಸಹಿ ಹಾಕಿ ಮತ್ತೆ ಪಕ್ಷವಿಲ್ಲದವರಾಗಬಹುದು. ಐದು ನಿಮಿಷದಲ್ಲಿ ಪಕ್ಷ ಸೇರಿ ಪಕ್ಷ ಬಿಡುವ ಈ ಸೌಕರ್ಯ ನಮ್ಮ ಶಾಸಕರಿಗೂ ಇಲ್ಲ!

ಮತಪತ್ರದಲ್ಲಿ ಪಕ್ಷಕ್ಕೆ ಇಪ್ಪತ್ತಕ್ಕೂ ಹೆಚ್ಚು ಹೆಸರು. ಒಂದು ಸಾವಿರ ಡಾಲರ್ ಕಟ್ಟಿ, ಅರ್ಹತೆಯ ಬಗ್ಗೆ ಸಹಿ ಹಾಕಿಕೊಟ್ಟರೆ ಸಾಕು, ಹೆಸರು ಅಚ್ಚಾಗುತ್ತದೆ. ವಿಚಿತ್ರವೆಂದರೆ ಡೆಮಾಕ್ರಟಿಕ್ ಪಟ್ಟಿಯಲ್ಲಿ ಆಗ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರ ಹೆಸರೇ ಇರಲಿಲ್ಲ. ಬೇಕಾದವರು ಖಾಲಿ ಸಾಲಿನಲ್ಲಿ ಕೈಯಾರೆ ಬರೆಯಬೇಕಿತ್ತು. ಮಗಳು ಯಾರಿಗೆ ಹಾಕಿದಳೋ ನಾನು ಕೇಳಲಿಲ್ಲ. ಹೆಸರು ಏಕಿಲ್ಲ ಎಂದು ಮಾತ್ರ ಕೇಳಿದೆ. ಅದರ ಹಿಂದೆ ಇದ್ದದ್ದು ಪಂಕ್ತಿಯ ಜಗಳವೇ.

2020ರಲ್ಲಿ ಬೈಡನ್ ಮೊದಲ ರಾಜ್ಯವಾದ ಅಯೋವಾದಲ್ಲಿ ನಾಲ್ಕನೆಯವರಾಗಿ, ಎರಡನೆಯದಾದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರಾಗಿ ಬಿದ್ದಿದ್ದರು. ಇನ್ನು ಅವರ ಕಥೆ ಮುಗಿಯಿತೆಂದೇ ಎಲ್ಲರೂ ಬರೆದರು. ಫೆಬ್ರವರಿ 29ರಂದು ದಕ್ಷಿಣ ಕೆರೊಲಿನಾ ಮತ ಹಾಕಿತು. ಅಲ್ಲಿ ಆ ಪಕ್ಷದ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಜನ. ಬೈಡನ್ ದೊಡ್ಡ ಅಂತರದಿಂದ ಗೆದ್ದರು, ಮುಂದೆ ಅಧ್ಯಕ್ಷರೂ ಆದರು. ಮೊದಲೆರಡು ರಾಜ್ಯಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಬಿಳಿಯರು; ಪಕ್ಷದ ಬೆನ್ನೆಲುಬಾದ ಜನರ ಮಾತು ಕೇಳುವ ಮೊದಲೇ ಅಭ್ಯರ್ಥಿಗಳು ಉದುರಿಹೋಗುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. 2023ರ ಫೆಬ್ರವರಿಯಲ್ಲಿ ಡೆಮಾಕ್ರಟಿಕ್ ಪಕ್ಷ ಕ್ರಮ ಬದಲಿಸಿ ದಕ್ಷಿಣ ಕೆರೊಲಿನಾಗೆ ಮೊದಲ ಮಣೆ ಹಾಕಿತು. ನ್ಯೂ ಹ್ಯಾಂಪ್‌ಶೈರ್ ಒಪ್ಪಲಿಲ್ಲ. ತನ್ನ ದಿನ ತಾನೇ ಗೊತ್ತುಮಾಡಿತು. ಈ ಮತದಾನಕ್ಕೆ ಅರ್ಥವಿಲ್ಲವೆಂದು ಪಕ್ಷ ಪತ್ರ ಬರೆದರೆ, ಹಾಗೆ ಹೇಳಿ ಮತದಾರರನ್ನು ತಡೆಯಬೇಡಿ ಎಂದು ರಾಜ್ಯದ ಅಟಾರ್ನಿ ಜನರಲ್ ತಿರುಗಿ ನೋಟಿಸು ಕೊಟ್ಟರು. ಬೈಡನ್ ಹೆಸರು ಕೊಡಲಿಲ್ಲ. ಆದರೂ ಜನ ಕೈಯಲ್ಲಿ ಬರೆದೇ ಅವರನ್ನು ಗೆಲ್ಲಿಸಿದರು.

ಕೆಸರಿನಿಂದ ಬಂದ ಹಕ್ಕು

ಇಷ್ಟು ಹಟ ಹಿಡಿಯುವಂಥ ಈ ಹಕ್ಕು ಬಂದದ್ದು ಎಲ್ಲಿಂದ? ಅದರ ಉತ್ತರ ನನಗೆ ಸಿಕ್ಕಿದ್ದು ಮಾರ್ಚ್ ತಿಂಗಳಲ್ಲಿ, ಮಗಳ ಪಕ್ಕದ ಮನೆಯ ಹಿರಿಯರೊಬ್ಬರಿಂದ. ವಯಸ್ಸು ಎಪ್ಪತ್ತೇಳು. "ಬನ್ನಿ, ನಮ್ಮ ಸಕ್ಕರೆ ಮನೆ ತೋರಿಸುತ್ತೇನೆ" ಎಂದು ಒಂದು ತೋಟಕ್ಕೆ ಕರೆದೊಯ್ದರು. ಮೇಪಲ್ ಮರಗಳಿಗೆ ತೂತು ಕೊರೆದು, ಸೋರುವ ರಸವನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸುತ್ತಿದ್ದರು. ಥೇಟು ನಮ್ಮ ಆಲೆಮನೆಯೇ. ಅದೇ ಹಬೆ, ಅದೇ ಸಿಹಿ ವಾಸನೆ. ಸುಮಾರು ನಲವತ್ತು ಕೊಡ ರಸ ಬತ್ತಿದರೆ ಒಂದು ಕೊಡ ಪಾಕ ಬರುತ್ತದಂತೆ.

ಹೋಗುವ ದಾರಿಯಲ್ಲಿ ಕಾರಿನ ಗಾಲಿ ಹೂತುಕೊಂಡಿತು. ಹಿಮ ಕರಗಿ ಮಣ್ಣು ರಸ್ತೆಗಳೆಲ್ಲ ಮೊಣಕಾಲುದ್ದ ಕೆಸರಾಗುವ ಕಾಲ ಅದು. ಆ ಭಾಗದ ಜನ ಅದನ್ನು ಐದನೆಯ ಋತುವೆಂದೇ ಲೆಕ್ಕ ಹಾಕುತ್ತಾರೆ. ಗಾಲಿಯ ಕೆಳಗೆ ಹಲಗೆ ತೂರಿಸುತ್ತ ಆ ಹಿರಿಯರು ಹೇಳಿದರು: "ನಾವು ಮೊದಲಿಗರಾದದ್ದು ಈ ಕೆಸರಿನಿಂದಲೇ."

ಕಥೆ ಹೀಗಿದೆ. ಪ್ರತಿ ಊರಿನ ಜನ ವರ್ಷಕ್ಕೊಮ್ಮೆ ಮಾರ್ಚ್‌ನ ಎರಡನೆಯ ಮಂಗಳವಾರ ಸಭಾಭವನದಲ್ಲಿ ಸೇರಿ, ರಸ್ತೆ, ಶಾಲೆ, ತೆರಿಗೆ ಎಲ್ಲವನ್ನೂ ಕೈಯೆತ್ತಿ ತೀರ್ಮಾನಿಸುವುದು ಇಲ್ಲಿಯ ಹಳೆಯ ಪದ್ಧತಿ. ಕೆಸರು ಏರುವ ಮುಂಚೆ, ಹೊಲದ ಕೆಲಸ ಶುರುವಾಗುವ ಮುಂಚೆ ಅದು ಮುಗಿಯಬೇಕು. 1913ರಲ್ಲಿ ರಾಜ್ಯ ಪ್ರೈಮರಿಯ ಕಾನೂನು ಮಾಡಿದಾಗ ಮೇ ತಿಂಗಳ ದಿನ ಗೊತ್ತಾಗಿತ್ತು. ಎರಡು ಸಲ ಸಭಾಭವನಕ್ಕೆ ಒಲೆ ಹಾಕಿ ದೀಪ ಉರಿಸುವ ಖರ್ಚು ಯಾಕೆ ಎಂದು 1915ರಲ್ಲಿ ಅದನ್ನೂ ಊರಸಭೆಯ ದಿನಕ್ಕೇ ತಂದರು. 1916ರಲ್ಲಿ ಮೊದಲ ಪ್ರೈಮರಿ ನಡೆದಾಗ ಇಂಡಿಯಾನಾ ರಾಜ್ಯ ಒಂದು ವಾರ ಮುಂದಿತ್ತು. ಮುಂದಿನ ಸಲ ಅದು ಮೇ ತಿಂಗಳಿಗೆ ಸರಿದುಕೊಂಡಿತು. ಹೀಗೆ 1920ರಲ್ಲಿ, ಯಾರೂ ಕೇಳದೆ, ಯಾರೂ ಕೊಡದೆ, ನ್ಯೂ ಹ್ಯಾಂಪ್‌ಶೈರ್ ಮೊದಲನೆಯದಾಯಿತು. ನಾಲ್ಕು ಕಾಸು ಉಳಿಸಲು ಹೋದವರಿಗೆ ದೇಶದ ಬೀಗದ ಕೈ ಸಿಕ್ಕಿತು!

1952ರಿಂದ ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರು ಬಂದ ಮೇಲೆ ಇದರ ಬೆಲೆ ದೇಶಕ್ಕೆ ತಿಳಿಯಿತು. ಆ ವರ್ಷ ಅಧ್ಯಕ್ಷ ಟ್ರೂಮನ್ ಇಲ್ಲಿ ಸೋತು, ಆ ತಿಂಗಳಲ್ಲೇ ಮತ್ತೆ ಸ್ಪರ್ಧಿಸುವುದಿಲ್ಲ ಎಂದರು. 1975ರಲ್ಲಿ ರಾಜ್ಯ ಇನ್ನೊಂದು ಕಾನೂನು ಮಾಡಿಕೊಂಡಿತು: ಬೇರೆ ಯಾವ ರಾಜ್ಯವೇ ಇಂಥ ಮತದಾನವಿಡಲಿ, ನಮ್ಮದು ಅದಕ್ಕಿಂತ ಏಳು ದಿನವಾದರೂ ಮುಂಚೆ ಇರಬೇಕು. ಉಳಿದವರು ಹಿಂದಿನಿಂದ ನೂಕುವುದು, ಇವರು ಮುಂದಕ್ಕೆ ಓಡುವುದು ಶುರುವಾಯಿತು. ಮಾರ್ಚ್‌ನಲ್ಲಿದ್ದ ಮತದಾನ 2008ರಲ್ಲಿ ಜನವರಿ 8ಕ್ಕೆ ಬಂತು. ಕೆಸರು ಇದ್ದಲ್ಲೇ ಉಳಿಯಿತು, ಚುನಾವಣೆ ಹಿಮದ ನಡುವೆ ಹೋಗಿ ನಿಂತಿತು.

"ಸುಮಾರು ಹದಿನಾಲ್ಕು ಲಕ್ಷ ಜನ ನೀವು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರೆ. ಮೂವತ್ಮೂರು ಕೋಟಿಯ ದೇಶಕ್ಕೆ ನೀವು ಮೊದಲು ಯಾಕೆ ಆರಿಸಬೇಕು?" ಎಂದೆ. ಹಿರಿಯರು ಬೇಸರಪಟ್ಟುಕೊಳ್ಳಲಿಲ್ಲ. 1968ರಲ್ಲಿ ಅವರು ಕಾಲೇಜು ಹುಡುಗ. ವಿಯೆಟ್ನಾಂ ಯುದ್ಧ ಬೇಡವೆಂದ ಸೆನೆಟರ್ ಯೂಜೀನ್ ಮೆಕಾರ್ಥಿ ಪರವಾಗಿ ಮನೆ ಮನೆ ತಿರುಗಿದವರಂತೆ. ಮನೆಯವರು ಬಾಗಿಲು ಹಾಕಿಕೊಳ್ಳದಿರಲಿ ಎಂದು ಉದ್ದ ಕೂದಲು, ಗಡ್ಡ ತೆಗೆಸಿಕೊಂಡು ಹೋದರಂತೆ. ಮೆಕಾರ್ಥಿ ಗೆಲ್ಲಲಿಲ್ಲ, ನೂರಕ್ಕೆ ನಲವತ್ತೆರಡು ಮತ ಪಡೆದರು. ಅಷ್ಟಕ್ಕೇ ಅಧ್ಯಕ್ಷ ಜಾನ್ಸನ್ ಆ ತಿಂಗಳ ಕೊನೆಗೆ ತಾನು ಮತ್ತೆ ನಿಲ್ಲುವುದಿಲ್ಲ ಎಂದು ಘೋಷಿಸಿಬಿಟ್ಟರು. "ಕ್ಯಾಲಿಫೋರ್ನಿಯಾದಂಥ ಕಡೆ ಮೊದಲ ಮತದಾನ ಇಟ್ಟಿದ್ದರೆ ದುಡ್ಡಿಲ್ಲದ ಆ ಮನುಷ್ಯ ಅಷ್ಟು ದೂರ ಬರುತ್ತಿದ್ದರೇ? ಇಲ್ಲಿ ಅಭ್ಯರ್ಥಿ ಅಡುಗೆ ಮನೆಗೆ ಬಂದು ಕೂರಬೇಕು, ನಾವು ಕೇಳಿದ್ದಕ್ಕೆ ಉತ್ತರಿಸಬೇಕು" ಎಂದರು. ಈ ರಾಜ್ಯದವರ ಬಗ್ಗೆ ಒಂದು ಹಳೆಯ ತಮಾಷೆಯಿದೆ: ಇಂಥವರಿಗೆ ಮತ ಹಾಕುತ್ತೀರಾ ಎಂದರೆ, "ಈಗಲೇ ಹೇಗೆ ಹೇಳುವುದು, ಅವರನ್ನು ಇನ್ನೂ ಎರಡೇ ಸಲ ಭೇಟಿಯಾಗಿದ್ದೇನೆ" ಎನ್ನುತ್ತಾರಂತೆ.

ಕಡೇ ಪಂಕ್ತಿಯವರು

ಅವರ ಮಾತಿಗೆ ತಲೆದೂಗಿದ್ದೆ. ಆದರೆ ಮರುವಾರ ನ್ಯೂ ಜೆರ್ಸಿಯ ಎಡಿಸನ್ನಿಗೆ, ತಮ್ಮನ ಮಗನ ಮನೆಗೆ ಹೋದೆವು. ಅಲ್ಲಿ ಅಂಚೆ ಡಬ್ಬಿ ಖಾಲಿ, ಫೋನು ತೆಪ್ಪಗಿತ್ತು. ನ್ಯೂ ಜೆರ್ಸಿ ಮತ ಹಾಕುವುದು ಜೂನ್‌ನಲ್ಲಿ. ಬೈಡನ್, ಟ್ರಂಪ್ ಇಬ್ಬರಿಗೂ ಬೇಕಾದ ಬಹುಮತ ಮಾರ್ಚ್ 12ಕ್ಕೇ ಆಗಿಹೋಗಿತ್ತು. "ದೊಡ್ಡಪ್ಪ, ನಾನು ಪೌರತ್ವ ತೆಗೆದುಕೊಂಡು ಎಷ್ಟೋ ವರ್ಷವಾಯಿತು. ನನ್ನ ಬಾಗಿಲಿಗೆ ಇವತ್ತಿನವರೆಗೆ ಒಬ್ಬ ಅಭ್ಯರ್ಥಿಯೂ ಬಂದಿಲ್ಲ. ಅಕ್ಕನ ಮನೆಯವರು ಮೂರು ಸಲ ಕೈ ಕುಲುಕಬೇಕು, ನಮಗೆ ಮುಖವನ್ನೂ ತೋರಿಸುವುದಿಲ್ಲ" ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅವಮಾನವಿತ್ತು. 2024ರಲ್ಲಿ ರಿಪಬ್ಲಿಕನ್ ಪಕ್ಷದ ಒಟ್ಟು 2,429 ಪ್ರತಿನಿಧಿಗಳಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪಾಲು ಬರೀ 22. ಲೆಕ್ಕದಲ್ಲಿ ನೂರಕ್ಕೆ ಒಂದೂ ಅಲ್ಲ. ಆದರೆ ಪಂಕ್ತಿಯಲ್ಲಿ ಕೂತ ಜಾಗದಿಂದ ಅದರ ತೂಕ ಎಷ್ಟೋ ಪಟ್ಟು.

ಮೊದಲು ಮತ ಹಾಕಿದವರು ನಮ್ಮಲ್ಲೂ ಇದ್ದಾರೆ. ಹಿಮಾಚಲದ ಚಿನಿ ಪ್ರದೇಶದಲ್ಲಿ ಹಿಮ ಬಿದ್ದರೆ ದಾರಿ ಮುಚ್ಚುತ್ತದೆಂದು, ದೇಶದ ಬಹುಪಾಲು 1952ರಲ್ಲಿ ಮತ ಹಾಕಿದರೆ ಅಲ್ಲಿ 1951ರ ಅಕ್ಟೋಬರ್‌ನಲ್ಲೇ ಹಾಕಿಸಿದರು. ನನ್ನಂತೆಯೇ ಮೇಷ್ಟ್ರಾಗಿದ್ದ ಶ್ಯಾಮ್ ಸರಣ್ ನೇಗಿ ಸ್ವತಂತ್ರ ಭಾರತದ ಮೊದಲ ಮತದಾರರೆಂದು ಹೆಸರಾದರು. ಅವರಿಗೆ ಹಿಮ, ಇವರಿಗೆ ಕೆಸರು. ಆದರೆ ನೇಗಿಯವರಿಗೆ ಸಿಕ್ಕಿದ್ದು ಗೌರವ ಮಾತ್ರ, ಅಧಿಕಾರವಲ್ಲ. ನಮ್ಮಲ್ಲಿ ಈಗಲೂ ಎಷ್ಟು ಹಂತದಲ್ಲಿ ಮತ ಹಾಕಿಸಿದರೂ ಎಲ್ಲವನ್ನೂ ಒಂದೇ ದಿನ ಎಣಿಸುತ್ತಾರೆ. ಕೊನೆಯ ಹಂತ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆಯನ್ನೂ ಹೇಳುವಂತಿಲ್ಲ.

ಹಾಗೆಂದು ಅಲ್ಲಿಯೂ ಪೆಟ್ಟಿಗೆ ಮುಚ್ಚಿಡಿ ಎನ್ನುವುದು ಸುಲಭವಲ್ಲ. ಒಂದೊಂದೇ ರಾಜ್ಯದಲ್ಲಿ ಗೆದ್ದು ಹೆಸರು ಮಾಡಿಕೊಳ್ಳುವ ಅವಕಾಶವೇ ಸಣ್ಣ ಅಭ್ಯರ್ಥಿಗೆ ಆಸರೆ. ಜಾರ್ಜಿಯಾದ ಕಡಲೆಕಾಯಿ ಬೆಳೆಗಾರ ಜಿಮ್ಮಿ ಕಾರ್ಟರ್ 1976ರಲ್ಲಿ ಮೇಲೆ ಬಂದದ್ದು ಹಾಗೆಯೇ. ಇಡೀ ದೇಶದಲ್ಲಿ ಒಂದೇ ದಿನ ಪ್ರೈಮರಿ ಇಟ್ಟರೆ ಟೀವಿ ಜಾಹೀರಾತಿಗೆ ದುಡ್ಡಿರುವವರು ಮಾತ್ರ ಉಳಿಯುತ್ತಾರೆ. ದೇಶವನ್ನು ನಾಲ್ಕು ಭಾಗ ಮಾಡಿ, ಪ್ರತಿ ಚುನಾವಣೆಗೆ ಒಂದೊಂದು ಭಾಗ ಮೊದಲು ಬರುವಂತೆ ಸರದಿ ಇಡೋಣ ಎಂದು ರಾಜ್ಯಗಳ ಚುನಾವಣಾ ಮುಖ್ಯಸ್ಥರ ಸಂಘ 1999ರಲ್ಲಿ ಒಂದು ಯೋಜನೆ ಮುಂದಿಟ್ಟಿತು. ಅದರಲ್ಲೂ ಅಯೋವಾ, ನ್ಯೂ ಹ್ಯಾಂಪ್‌ಶೈರ್‌ಗಳನ್ನು ಮಾತ್ರ ಮೊದಲ ಮಣೆಯಿಂದ ಏಳಿಸಲಿಲ್ಲ!

ಬಿದ್ದುಹೋದ ಮುಖ

ಏಪ್ರಿಲ್ ಕೊನೆಗೆ, ಊರಿಗೆ ಹೊರಡುವ ಮುನ್ನ, ಆ ಹಿರಿಯರೇ ನಮ್ಮನ್ನು ಉತ್ತರದ ಬೆಟ್ಟಗಳಿಗೆ ಕರೆದೊಯ್ದರು. ಫ್ರಾಂಕೋನಿಯಾ ಕಣಿವೆಯ ನೆತ್ತಿಯಲ್ಲಿ ಮುದುಕನ ಮುಖದಂತೆ ಕಾಣುವ ಬಂಡೆಯೊಂದಿತ್ತು. ಅದೇ ಆ ರಾಜ್ಯದ ಗುರುತು. ಜಾರದಿರಲೆಂದು ದಶಕಗಳ ಕಾಲ ಕಬ್ಬಿಣದ ಸರಳು ಬಿಗಿದು ಕಾಪಾಡಿದ್ದರು. 2003ರ ಮೇ 3ರಂದು ಅದು ಕುಸಿದುಬಿತ್ತು. ರಸ್ತೆ ಫಲಕಗಳ ಮೇಲೆ ಆ ಮುಖ ಇನ್ನೂ ಇದೆ.

ಅಲ್ಲಿಂದ ಮುಂದೆ ಡಿಕ್ಸ್‌ವಿಲ್ ನಾಚ್. ಎರಡು ಕಡಿದಾದ ಬಂಡೆಗಳ ನಡುವಿನ ಸಂದು, ಕೆಳಗೆ ಕೆರೆ, ಕೆರೆಯ ದಡದಲ್ಲಿ 2011ರಿಂದ ಮುಚ್ಚಿರುವ ಭಾರಿ ಹೋಟೆಲು. 1960ರಿಂದ ಇಲ್ಲಿಯ ಬೆರಳೆಣಿಕೆಯ ಮತದಾರರು ಮಧ್ಯರಾತ್ರಿ ಮತ ಹಾಕಿ, ಆಗಲೇ ಎಣಿಸಿ, ದೇಶಕ್ಕೆ ಮೊದಲ ಫಲಿತಾಂಶ ಕೊಡುತ್ತಾರೆ. ಹೋಟೆಲಿನ ಒಡೆಯ ನೀಲ್ ಟಿಲಟ್ಸನ್, ನೂರು ದಾಟಿದ ಮೇಲೂ ಮೊದಲ ಚೀಟಿ ಹಾಕುತ್ತಿದ್ದವರು, 2001ರಲ್ಲಿ ತೀರಿಕೊಂಡರು. 2024ರ ಜನವರಿಯಲ್ಲಿ ಇಲ್ಲಿದ್ದ ಮತಗಳು ಆರು. ಆರೂ ಪಂಜಾಬಿ ತಂದೆತಾಯಿಯ ಮಗಳಾದ ನಿಕ್ಕಿ ಹೇಲಿ ಅವರಿಗೆ. ಬೆಳಗಾಗುವಷ್ಟರಲ್ಲಿ ಜಗತ್ತಿಗೆಲ್ಲ ಸುದ್ದಿ. ಸಂಜೆಗೆ ರಾಜ್ಯದಲ್ಲಿ ಗೆದ್ದವರು ಟ್ರಂಪ್.

ಕೆರೆ ದಡದಲ್ಲಿ ನಿಂತು ಹಿರಿಯರಿಗೆ ನನಗೆ ತೋಚಿದ್ದು ಹೇಳಿದೆ. ಮೊದಲ ಪಂಕ್ತಿ ಸಣ್ಣದಾಗಿಯೇ ಇರಲಿ. ಅಡುಗೆ ಮನೆಯಲ್ಲಿ ಕೂತು ಪ್ರಶ್ನೆ ಕೇಳುವ ಪದ್ಧತಿ ಅಳಿಯಬಾರದು. ಆದರೆ ಸಣ್ಣ ರಾಜ್ಯಗಳು ಇನ್ನೂ ಎಷ್ಟೋ ಇವೆ. ಚೀಟಿ ಎತ್ತಿ, ನಾಲ್ಕು ವರ್ಷಕ್ಕೊಂದು ರಾಜ್ಯ ಮೊದಲು ಕೂರಲಿ. "ನಮಗೆ ನೂರು ವರ್ಷದ ಅಭ್ಯಾಸ. ಅವರಿಗೆ ಕೇಳಲು ಬರುತ್ತದೆಯೇ?" ಎಂದರು. ಪಂಚಾಯಿತಿಯ ಅಧ್ಯಕ್ಷ ಗಾದಿಗೆ ಮೀಸಲಾತಿಯ ಸರದಿ ಬಂದಾಗ ನಮ್ಮೂರಲ್ಲೂ ಇದೇ ಮಾತು ಕೇಳಿದ್ದೆ. ಕೂರಿಸಿದ ಮೇಲೆ ಎಲ್ಲರೂ ಕಲಿತರು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಾನಿರುವವರೆಗೆ ಬೇಡ" ಎಂದು ನಕ್ಕರು.

ಮೇ 7ರ ಮತದಾನಕ್ಕೆ ಸರಿಯಾಗಿ ಸಾಗರ ಸೇರಿದೆವು. ನಾವು ಹಾಕಿದ ಮತ 28 ದಿನ ಬೀಗದೊಳಗೆ ಕೂತಿತ್ತು. ಜೂನ್ 4ರಂದು ಎಣಿಕೆ. ಇಡೀ ದಿನ ಟೀವಿ ಮುಂದೆ ಕೂತು ಕಣ್ಣು ಉರಿಯುತ್ತಿರುವಾಗ, ಸಂಜೆ ಏಳಕ್ಕೆ ಎಡಿಸನ್ನಿನಿಂದ ಫೋನು ಬಂತು. ಅದೇ ದಿನ ನ್ಯೂ ಜೆರ್ಸಿಯ ಪ್ರೈಮರಿ ಎಂಬುದು ನನಗೆ ಮರೆತೇಹೋಗಿತ್ತು.

"ವೋಟು ಹಾಕಿದೆಯೇನೋ?" ಎಂದೆ.

"ಕೆಲಸಕ್ಕೆ ಹೋಗುತ್ತ ಹಾಕಿ ಬಂದೆ ದೊಡ್ಡಪ್ಪ. ಎಲೆ ಹಾಕಿದ್ದರು. ಬಡಿಸಲು ಏನೂ ಉಳಿದಿರಲಿಲ್ಲ. ಅದಿರಲಿ, ನಿಮ್ಮಲ್ಲಿ ಎಣಿಕೆ ಎಲ್ಲಿಗೆ ಬಂತು?"