ಕಾಗೆಯಾಗಿ ಹೋದ ಕೈಗಾ

ಇಲ್ಲಿ ಏನೂ ಬರೆಯದೇ ಸುಮಾರು ದಿನವಾಯ್ತು. ಸೋಮಾರಿತನ ಅಂದರೆ ಅರ್ಧ ನಿಜ. ಇನ್ನರ್ಧಕ್ಕೆ ಜಾಂಗೋ ಕಾರಣ. ಹದಿನೈದು ದಿನಗಳಿಂದ ಅದರ ಅಡ್ಮಿನ್ ಪುಟದ ಜೊತೆ ಗುದ್ದಾಡ್ತಾ ಇದ್ದೆ. ನಿಮ್ಮಲ್ಲಿ ಯಾರಾದರೂ ಕನ್ನಡದ ಮಾಹಿತಿಯನ್ನು ಅದರೊಳಗೆ ತುಂಬಿಸುವ ಯೋಚನೆಯಲ್ಲಿದ್ದರೆ ಪೂರ್ತಿ ಓದಿ, ಸ್ವಲ್ಪ ಕಷ್ಟ ತಪ್ಪೀತು.

ಕೈಗಾ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಅಣುಸ್ಥಾವರ. 220 ಮೆಗಾವ್ಯಾಟಿನ ನಾಲ್ಕು ಘಟಕಗಳು, ತಂಪು ಮಾಡಲು ಕದ್ರಾ ಜಲಾಶಯದ ನೀರು. ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೇ ಓಡಿದಾಗ ಅದು ವಿಶ್ವದಾಖಲೆಯಾಗಿತ್ತು. ನನಗೆ ಮಾತ್ರ ಕೈಗಾ ಅಂದರೆ ಅಪ್ಪನ ಹನ್ನೊಂದು ನೋಟ್‌ಬುಕ್ಕು. ಅಪ್ಪ ಅಲ್ಲೇ ದುಡಿದು ನಿವೃತ್ತರಾದವರು. ಮಲ್ಲಾಪುರದ ಟೌನ್‌ಶಿಪ್‌ನಿಂದ ಶಿಫ್ಟ್ ಬಸ್ಸಲ್ಲಿ ಹೋಗುವಾಗ, ಬರುವಾಗ ಕಂಡ ಹಕ್ಕಿಗಳನ್ನೆಲ್ಲ ಬರೆದಿಡುತ್ತಿದ್ದರು. ತಾರೀಕು, ಹೊತ್ತು, ಜಾಗ, ಹಕ್ಕಿಯ ಹೆಸರು... ಮಂಗಟ್ಟೆ ಕಂಡ ದಿನ ಮಾತ್ರ ಕೆಳಗೊಂದು ಗೆರೆ.

ಅದನ್ನೆಲ್ಲ ಭಾನುವಾರ ಭಾನುವಾರ ಕೂತು ಎಕ್ಸೆಲ್ಲಿಗೆ ಟೈಪ್ ಮಾಡಿದೆ. ಅಪ್ಪ ತಾವೇ ನೋಡಿ ತಿದ್ದಲಿ, ಹೊಸದನ್ನು ಸೇರಿಸಲಿ ಅಂತ ಜಾಂಗೋದಲ್ಲೊಂದು ಪುಟ್ಟ ತಾಣ ಮಾಡಹೊರಟೆ. ಇದು ಹುಟ್ಟಿದ್ದು ಅಮೆರಿಕದ ಕಾನ್ಸಾಸ್‌ನ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ. 2003ರಲ್ಲಿ ಶುರುವಾಗಿ 2005ರ ಜುಲೈನಲ್ಲಿ ಎಲ್ಲರ ಕೈಗೂ ಬಂತು. ಹೆಸರು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದ್ದು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಸುದ್ದಿಮನೆಯವರೂ ಮಾಹಿತಿ ತುಂಬಲಿ ಅಂತಲೇ ಅಡ್ಮಿನ್ ಪುಟ ಅದರ ಜೊತೆಗೇ ಬರುತ್ತೆ. ಅಪ್ಪನೂ ಒಂಥರಾ ವರದಿಗಾರರೇ ಅಲ್ವಾ, ಇದೇ ಸರಿ ಅಂದುಕೊಂಡೆ.

ಮೊದಲ ದಿನದ ತಾಪತ್ರಯಗಳು ಸಣ್ಣವು. ಪಟ್ಟಿಯಲ್ಲಿ ಹಕ್ಕಿಯ ಹೆಸರಿನ ಬದಲು 'ಆಬ್ಜೆಕ್ಟ್ 1, ಆಬ್ಜೆಕ್ಟ್ 2' ಅಂತ ಬಂತು. ಮಾಡೆಲ್ಲಿಗೆ ಎಸ್‌ಟಿಆರ್ ಎಂಬ ಮೆಥಡ್ ಬರೆದು ಹೆಸರು ವಾಪಸ್ ಕೊಟ್ಟರೆ ಅದು ಸರಿ. ಆಮೇಲೆ 'ಹಕ್ಕಿ' ಎಂಬ ಪದದ ಬಾಲಕ್ಕೆ ಇಂಗ್ಲಿಷಿನ 'ಎಸ್' ಅಕ್ಷರ ಅಂಟಿಕೊಂಡಿತ್ತು. ಜಾಂಗೋಗೆ ಗೊತ್ತಿರೋ ಬಹುವಚನ ಅದೊಂದೇ :-) ವರ್ಬೋಸ್ ನೇಮ್ ಪ್ಲೂರಲ್ ಅನ್ನೋ ಕಡೆ 'ಹಕ್ಕಿಗಳು' ಅಂತ ನಾವೇ ಬರೆಯಬೇಕು. ಲ್ಯಾಂಗ್ವೇಜ್ ಕೋಡ್ ಕನ್ನಡಕ್ಕೆ ಬದಲಿಸಿದರೆ ಬಟನ್ನುಗಳು ಕನ್ನಡಕ್ಕೆ ಬಂದವು, ಕೆಲವು ಸಾಲುಗಳು ಇಂಗ್ಲಿಷಲ್ಲೇ ಉಳಿದವು. ಅಪ್ಪನ ಕಣ್ಣಿಗಾಗಿ ಬೇಸ್ ಸೈಟ್ ಟೆಂಪ್ಲೇಟನ್ನು ನಮ್ಮ ಫೋಲ್ಡರಿಗೆ ತಂದು ಅಕ್ಷರ ದೊಡ್ಡದು ಮಾಡಿದೆ.

ಎಕ್ಸೆಲ್ಲಿನದ್ದನ್ನೆಲ್ಲ ಒಂದು ಸ್ಕ್ರಿಪ್ಟ್ ಬರೆದು ಒಳಗೆ ಹಾಕಿ ಅಪ್ಪನನ್ನು ಕರೆದು ಕೂರಿಸಿದೆ. ಅವರು ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿ, "ಇಪ್ಪತ್ತು ವರ್ಷ ನಾ ಬರೀ ಕಾಗೆ ನೋಡಿದ್ದಾ ಮಾರಾಯ?" ಅಂದರು.

ನೋಡಿದರೆ 'ಕೈಗಾ' ಅಂತ ಇರಬೇಕಾದಲ್ಲೆಲ್ಲ 'ಕಾಗೆ'! 'ಕಾಳಿ' ನದಿ ಇರಬೇಕಾದಲ್ಲಿ 'ಕೋಳಿ'!

ಫಾಂಟಿನ ಮೇಲೆ ಅನುಮಾನ ಪಟ್ಟೆ, ಆಮೇಲೆ ಡೇಟಾಬೇಸ್ ಮೇಲೆ. ರಾತ್ರಿ ಒಂದು ಗಂಟೆಗೆ ಸಿಕ್ಕಿತು. ಜಾಗ, ಹಕ್ಕಿ ಎರಡನ್ನೂ ನಾನು ಒಂದೇ ಟ್ಯಾಗ್ ಕೋಷ್ಟಕದಲ್ಲಿ ಇಟ್ಟಿದ್ದೆ. ಪ್ರತಿ ಟ್ಯಾಗಿಗೂ ಯುಆರ್‌ಎಲ್‌ನಲ್ಲಿ ಬಳಸಲು ಒಂದು ಸ್ಲಗ್. ಆ ಸ್ಲಗ್ ಮೊದಲೇ ಇದ್ದರೆ ಹಳೆಯ ಟ್ಯಾಗನ್ನೇ ಬಳಸು ಅಂತ ಸ್ಕ್ರಿಪ್ಟಿಗೆ ಹೇಳಿದ್ದೆ. ಜಾಂಗೋದ ಸ್ಲಗಿಫೈ ಸುಮ್ಮನೆ ಬಿಟ್ಟರೆ ಕನ್ನಡವನ್ನು ಪೂರ್ತಿ ಅಳಿಸಿ ಖಾಲಿ ಕೊಡುತ್ತೆ. 1.9ನೇ ಆವೃತ್ತಿಯಿಂದ ಅಲೋ ಯೂನಿಕೋಡ್ ಅನ್ನೋ ಆಯ್ಕೆ ಇದೆ, ಅದನ್ನು ಹಾಕಿ ಗೆದ್ದೆ ಅಂದುಕೊಂಡಿದ್ದೆ. ಆದರೆ ಅದು 'ಅಕ್ಷರವಲ್ಲದ್ದನ್ನು ತೆಗೆ' ಅನ್ನುವಾಗ ಪೈಥಾನಿನ ಲೆಕ್ಕದಲ್ಲಿ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರಗಳೇ ಅಲ್ಲ! ಇಳಿ, ಗುಡಿಸು, ಕೊಂಬು, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ ಎಲ್ಲ ಕಸ. ಕೈಗಾ 'ಕಗ' ಆಯ್ತು, ಕಾಗೆಯೂ 'ಕಗ'. ಕಾಳಿ, ಕೋಳಿ ಎರಡೂ 'ಕಳ'. ಯಾವುದು ಮೊದಲು ಬಂತೋ ಅದು ಎರಡನೆಯದನ್ನು ನುಂಗಿತು.

ಪರಿಹಾರ ಸುಲಭ. ಸ್ಲಗ್ಗನ್ನು ಕೈಬಿಟ್ಟೆ. ಯುಆರ್‌ಎಲ್‌ಗೆ ಬರೀ ಕ್ರಮಸಂಖ್ಯೆ, ಜಾಗಕ್ಕೆ, ಹಕ್ಕಿಗೆ ಬೇರೆ ಬೇರೆ ಕೋಷ್ಟಕ, ಹೋಲಿಕೆಗೆ ಪೂರ್ತಿ ಹೆಸರು. ಎಕ್ಸೆಲ್ಲಿಂದ ಮತ್ತೊಮ್ಮೆ ತುಂಬಿದೆ. ಕೈಗಾ ಕೈಗಾಕ್ಕೆ ಬಂತು.

ಮರುದಿನ ಅಪ್ಪ ಮತ್ತೆ ಕೂತರು. ಈ ಸಲ ನಗಲಿಲ್ಲ. "ಇದು ನಾ ಬರೆದದ್ದಲ್ಲ" ಅಂದರು.

ಸಾಲು ತೋರಿಸಿದರು. ಕೆಂಬೂತ. ಅಪ್ಪ ಕೆಲವು ಕಡೆ ಕೆಂಬೂತ, ಕೆಲವು ಕಡೆ ರತ್ನಪಕ್ಷಿ ಅಂತ ಬರೆದಿದ್ದರು. ಎರಡೂ ಒಂದೇ ಹಕ್ಕಿ ಅಂತ ಗೊತ್ತಿದ್ದ ನಾನು ಜಾಣತನ ಮಾಡಿ, ಟೈಪ್ ಮಾಡುವಾಗಲೇ ಎಲ್ಲವನ್ನೂ ಕೆಂಬೂತ ಮಾಡಿಬಿಟ್ಟಿದ್ದೆ.

"ಹಕ್ಕಿ ಒಂದೇ, ನಂಗೂ ಗೊತ್ತು. ಕಣ್ಣಿಗೆ ಕಂಡ್ರೆ ರತ್ನಪಕ್ಷಿ. ಪೊದೆಯೊಳಗೆ ಕೂಗಿದ್ದಷ್ಟೇ ಕೇಳಿದ್ರೆ ಕೆಂಬೂತ. ಕಂಡ ದಿನ ಒಳ್ಳೇದು ಅಂತಾರಲ್ಲ, ಅದ್ಕೆ ಬೇರೆ ಬರೀತಿದ್ದೆ."

ಏನು ಹೇಳಲಿ... ಹಕ್ಕಿ ಎಣಿಸುವವರಲ್ಲಿ ಹಲವರು ಕಂಡದ್ದು ಬೇರೆ, ಕೇಳಿದ್ದು ಬೇರೆ ಅಂತಲೇ ಗುರುತು ಹಾಕುತ್ತಾರೆ. ಅಪ್ಪ ಅದನ್ನು ಯಾರಿಂದಲೂ ಕಲಿಯದೇ ಎರಡು ಹೆಸರಲ್ಲಿ ಹಿಡಿದಿಟ್ಟಿದ್ದರು. ನಾನದನ್ನು ಅಳಿಸಿದ್ದೆ. ಸ್ಲಗಿಫೈ ಕಾಗುಣಿತವನ್ನು ಕಸ ಅಂದುಕೊಂಡದ್ದಕ್ಕೆ ರಾತ್ರಿಯೆಲ್ಲ ಬೈದಿದ್ದೆನಲ್ಲ, ನಾನು ಮಾಡಿದ್ದೂ ಅದನ್ನೇ.

ಅಡ್ಮಿನ್‌ನಲ್ಲಿ ಹಿಸ್ಟರಿ ಅಂತ ಬಟನ್ ಇದೆ. ಯಾರು, ಯಾವಾಗ, ಯಾವ ಕಾಲಂ ಬದಲಿಸಿದರು ಅಂತ ಹೇಳುತ್ತೆ, ಹಳೆಯ ಬೆಲೆ ಏನಿತ್ತು ಅಂತ ಹೇಳೋದಿಲ್ಲ. ಹೇಗೂ ನನ್ನ ತಪ್ಪು ಎಕ್ಸೆಲ್ಲಿನಲ್ಲೇ ಆಗಿತ್ತು. ನೋಟ್‌ಬುಕ್ಕುಗಳನ್ನು ತೆಗೆದು ಮತ್ತೆ ಕೂತೆ. ಹತ್ತು ಪುಸ್ತಕ ಸರಿಯಾಯ್ತು. ಮೂರನೆಯದು ಇಲ್ಲ. ಟೈಪ್ ಆಯ್ತಲ್ಲ ಅಂತ ನಾನೇ ನೆಲದ ಮೇಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ, ಮಳೆಗಾಲದಲ್ಲಿ ಗೆದ್ದಲು ತಿಂದು ಮಣ್ಣು ಮಾಡಿತ್ತು.

ಈಗ ಪ್ರತಿ ಟಿಪ್ಪಣಿಗೂ 'ಬರೆದಂತೆ' ಅನ್ನೋ ಕಾಲಂ ಇದೆ. ರೀಡ್‌ಓನ್ಲಿ ಫೀಲ್ಡ್ಸ್‌ಗೆ ಸೇರಿಸಿದ್ದೇನೆ, ಅಡ್ಮಿನ್‌ನಲ್ಲಿ ಕೂತು ನಾನೂ ತಿದ್ದುವಂತಿಲ್ಲ. ಅಳಿಸುವ ಅನುಮತಿಯನ್ನೂ ತೆಗೆದೆ. ಪುಸ್ತಕದ ಹೆಸರು ಪಕ್ಕದ ಕಾಲಂನಲ್ಲಿ. ಅದರಾಚೆ 'ಕಂಡದ್ದು', 'ಕೇಳಿದ್ದು' ಅಂತ ಎರಡು ಆಯ್ಕೆ.

ಮೂರನೇ ಪುಸ್ತಕದ ಕೆಂಬೂತಗಳನ್ನು ಅಪ್ಪನ ಮುಂದಿಟ್ಟೆ. ತಾರೀಕು ನೋಡಿ, ಜಾಗ ನೋಡಿ, ನಾಲ್ಕೈದನ್ನು ನೆನಪು ಮಾಡಿಕೊಂಡರು. ಉಳಿದವಕ್ಕೆ ಬಹಳ ಹೊತ್ತು ಕೂತು, "ಸುಮ್ನೆ ಹೇಳೋದು ಬೇಡ" ಅಂದರು.

ಅದಕ್ಕೆ ಮೂರನೇ ಆಯ್ಕೆ ಸೇರಿಸಿದೆ: 'ಗೊತ್ತಿಲ್ಲ'. ಮೂವತ್ತೆರಡು ಸಾಲು ಹಾಗೇ ಇವೆ.

ನಿಮ್ಮ ಮನೆಯಲ್ಲೂ ಇಂಥ ಪುಸ್ತಕಗಳಿದ್ದರೆ ಮೊದಲು ಫೋಟೋ ತೆಗೆದಿಡಿ. ಆಮೇಲೆ ಟೈಪ್ ಮಾಡಿ. ಇದ್ದದ್ದು ಇದ್ದ ಹಾಗೆ.