ಎರಡನೆಯ ಕುಂಡ

ಜೀವಶಾಸ್ತ್ರವೆಂದರೆ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ವಿಷಯ ಎಂಬ ನಂಬಿಕೆ ಬಹಳ ಮನೆಗಳಲ್ಲಿ ಬೇರೂರಿದೆ. ಭೌತಶಾಸ್ತ್ರಕ್ಕೆ ಲೆಕ್ಕ ಬರಬೇಕು, ರಸಾಯನಶಾಸ್ತ್ರಕ್ಕೆ ಪ್ರಯೋಗ ಮಾಡಬೇಕು, ಜೀವಶಾಸ್ತ್ರಕ್ಕೆ ಬಾಯಿಪಾಠವೊಂದಿದ್ದರೆ ಸಾಕು ಎನ್ನುವ ತಂದೆತಾಯಿಯರು ಕಡಿಮೆಯೇನಿಲ್ಲ. ಹೃದಯದ ಚಿತ್ರ ಅಂದವಾಗಿ ಬಂದರೆ ಅಂಕ ಬಂದಂತೆಯೇ ಲೆಕ್ಕ. ಆದರೆ ಪಠ್ಯಪುಸ್ತಕದ ಒಂದೊಂದು ಸಾಲಿನ ಹಿಂದೆಯೂ ಯಾರೋ ಒಬ್ಬರು ಕುಂಡದ ಮುಂದೆಯೋ ಗೂಡಿನ ಮುಂದೆಯೋ ಕಾದು ಕುಳಿತ ದಿನಗಳಿವೆ. ಹಸಿರು ಗಿಡಗಳು ಬಿಸಿಲಿನಲ್ಲಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ ಎಂಬ ವಾಕ್ಯವನ್ನು ಪ್ರಾಥಮಿಕ ಶಾಲೆಯ ಮಗು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ಆ ವಾಕ್ಯದ ಹತ್ತಿರ ಬರಲು ವಿದ್ವಾಂಸರಿಗೆ ನೂರು ವರ್ಷಕ್ಕೂ ಮೀರಿದ ಕಾಲ ಹಿಡಿಯಿತು.

ಹದಿನೇಳನೆಯ ಶತಮಾನದಲ್ಲಿ ಬ್ರಸೆಲ್ಸ್ ಸೀಮೆಯ ವೈದ್ಯ ವಾನ್ ಹೆಲ್ಮಾಂಟ್ ಒಂದು ದೊಡ್ಡ ಕುಂಡದಲ್ಲಿ ಒಣಗಿಸಿ ತೂಗಿದ 200 ಪೌಂಡ್ ಮಣ್ಣು ತುಂಬಿ, 5 ಪೌಂಡ್ ತೂಕದ ವಿಲೋ ಗಿಡವೊಂದನ್ನು ನೆಟ್ಟ. ಐದು ವರ್ಷ ನೀರನ್ನಷ್ಟೇ ಹಾಕಿದ. ಕೊನೆಗೆ ಗಿಡ ಕಿತ್ತು ತೂಗಿದಾಗ ಅದು 169 ಪೌಂಡ್ ದಾಟಿತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು ಸುಮಾರು 2 ಔನ್ಸ್, ಎಂದರೆ ಅರವತ್ತು ಗ್ರಾಮಿಗಿಂತಲೂ ಕಡಿಮೆ. ಗಿಡ ಮಣ್ಣು ತಿಂದು ಬೆಳೆಯುತ್ತದೆ ಎಂದು ನಂಬಿದ್ದ ಕಾಲಕ್ಕೆ ಇದು ದೊಡ್ಡ ಪೆಟ್ಟು. ಹಾಗಾದರೆ ಇಷ್ಟು ಮರ ಬಂದದ್ದು ಎಲ್ಲಿಂದ? ಹಾಕಿದ್ದು ನೀರು ಮಾತ್ರ; ಆದ್ದರಿಂದ ಎಲ್ಲವೂ ನೀರಿನಿಂದಲೇ ಬಂತು ಎಂದು ಹೆಲ್ಮಾಂಟ್ ತೀರ್ಮಾನಿಸಿದ. ಈ ವಿವರ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1648ರಲ್ಲಿ.

ತಕ್ಕಡಿ ಸುಳ್ಳು ಹೇಳಿರಲಿಲ್ಲ. ತೀರ್ಮಾನ ಮಾತ್ರ ಅರ್ಧ ಸರಿ, ಅರ್ಧ ತಪ್ಪು. ಗಿಡದ ಸುತ್ತ ಹಗಲಿರುಳೂ ಇದ್ದ ಗಾಳಿಯನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಲೆಕ್ಕಕ್ಕೆ ತರಬೇಕಾದರೆ ಹೋಲಿಸಿ ನೋಡಲು ಇನ್ನೊಂದು ಪಾತ್ರೆ ಬೇಕು. ಎಲ್ಲವೂ ಮೊದಲಿನದರಂತೆಯೇ ಇದ್ದು, ಯಾವುದನ್ನು ಪರೀಕ್ಷಿಸುತ್ತಿದ್ದೇವೆಯೋ ಅದೊಂದು ಮಾತ್ರ ಇಲ್ಲದ ಪಾತ್ರೆ. ಪ್ರಯೋಗಶಾಸ್ತ್ರದ ಜೀವಾಳವೇ ಇದು. ಇದನ್ನು ‘ಎರಡನೆಯ ಕುಂಡ’ ಎಂದು ಕರೆಯೋಣ.

ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಅಂಥದ್ದನ್ನು ಇಟ್ಟ. ಮೇಣದಬತ್ತಿ ಉರಿದು ಆರಿಹೋದ ಗಾಳಿಯಲ್ಲಿ 1771ರ ಆಗಸ್ಟ್ 17ರಂದು ಪುದೀನದ ಒಂದು ಕುಡಿಯನ್ನಿಟ್ಟ. ಅದೇ ತಿಂಗಳ 27ರಂದು ನೋಡಿದರೆ ಆ ಗಾಳಿಯಲ್ಲಿ ಬತ್ತಿ ಚೆನ್ನಾಗಿ ಉರಿಯಿತು. ಗಾಳಿ ತಾನಾಗಿಯೇ ಸರಿಹೋಗಿರಬಹುದಲ್ಲ ಎಂದು ಯಾರಾದರೂ ಕೇಳಿದರೆ? ಅದಕ್ಕೂ ಉತ್ತರ ಸಿದ್ಧವಿತ್ತು. ಕೆಟ್ಟ ಗಾಳಿಯನ್ನು ಅವನು ಎರಡು ಪಾಲು ಮಾಡಿ, ಒಂದರಲ್ಲಿ ಗಿಡವಿಟ್ಟು ಇನ್ನೊಂದನ್ನು ಹಾಗೆಯೇ ಬಿಟ್ಟು ನೋಡಿದ್ದ. ಗಿಡವಿದ್ದ ಪಾಲಿನಲ್ಲಿ ಬತ್ತಿ ಉರಿಯಿತು. ಗಿಡವಿಲ್ಲದ ಪಾಲಿನಲ್ಲಿ ಉರಿಯಲಿಲ್ಲ. ಮುಂದೆ 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ, ಈ ಕೆಲಸ ಬೆಳಕಿನಲ್ಲಿ ಮಾತ್ರ ನಡೆಯುತ್ತದೆ, ಅದೂ ಗಿಡದ ಹಸಿರು ಭಾಗಗಳಲ್ಲಿ ಮಾತ್ರ ಎಂದು ತೋರಿಸಿದ. ಮಗು ಒಂದೇ ಉಸಿರಿನಲ್ಲಿ ಹೇಳುವ ವಾಕ್ಯದ ಹಿಂದಿನ ಶ್ರಮ ಇದು.

ಗಿಡವೇನೋ ನೆಟ್ಟಲ್ಲಿ ನಿಲ್ಲುತ್ತದೆ. ಹಾರುವ ಜೇನನ್ನು ಪ್ರಶ್ನೆ ಕೇಳುವುದು ಹೇಗೆ? ಜೇನಿಗೆ ಬಣ್ಣ ಕಾಣುವುದಿಲ್ಲ ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಹೆಸರಾಂತ ನೇತ್ರತಜ್ಞರೊಬ್ಬರು ಹೇಳಿದ್ದರು. ಹಾಗಿದ್ದರೆ ಹೂವುಗಳಿಗೆ ಇಷ್ಟು ಬಣ್ಣವೇಕೆ ಎಂಬುದು ತರುಣ ಕಾರ್ಲ್ ಫಾನ್ ಫ್ರಿಶ್‌ರ ಸಂದೇಹ. ಅವರು ನೀಲಿ ಕಾಗದದ ಮೇಲೆ ಸಕ್ಕರೆ ನೀರಿಟ್ಟು ಜೇನುಗಳಿಗೆ ರೂಢಿ ಮಾಡಿಸಿದರು. ಆಮೇಲೆ ಸಕ್ಕರೆ ತೆಗೆದು, ಹೊಸ ನೀಲಿ ಕಾಗದ ಇಟ್ಟರು. ಜೇನುಗಳು ಅಲ್ಲಿಗೇ ಬಂದವು. ಇಲ್ಲಿಗೇ ನಿಲ್ಲಿಸಿದ್ದರೆ ಏನೂ ರುಜುವಾತಾಗುತ್ತಿರಲಿಲ್ಲ. ಬಣ್ಣ ಕಾಣದ ಕಣ್ಣಿಗೆ ನೀಲಿಯೂ ಒಂದು ಬಗೆಯ ಬೂದುಬಣ್ಣವೇ ತಾನೇ? ಅದಕ್ಕಾಗಿ ಫ್ರಿಶ್ ನೀಲಿಯ ಸುತ್ತ ತೀರ ತಿಳಿಯದರಿಂದ ತೀರ ಗಾಢವಾದದ್ದರವರೆಗೆ ಬೂದುಬಣ್ಣದ ಹಲವು ಕಾಗದಗಳನ್ನು ಜೋಡಿಸಿದ್ದರು. ಜೇನು ಅವು ಯಾವುದಕ್ಕೂ ಮೋಸಹೋಗದೆ ನೀಲಿಯನ್ನೇ ಹುಡುಕಿತು. ಕೆಂಪು ಕಾಗದವನ್ನು ಮಾತ್ರ ಕಪ್ಪಿನೊಂದಿಗೆ ಗೊಂದಲ ಮಾಡಿಕೊಂಡಿತು. ಈ ಪ್ರಯೋಗಕ್ಕೆ ತಗುಲಿದ ಸಾಮಾನು ಬಣ್ಣದ ಕಾಗದ, ಬಟ್ಟಲು, ಸಕ್ಕರೆ. 1973ರಲ್ಲಿ ಫ್ರಿಶ್ ನೊಬೆಲ್ ಬಹುಮಾನ ಹಂಚಿಕೊಂಡ ಮೂವರಲ್ಲಿ ಒಬ್ಬರಾದರು.

ಇದೆಲ್ಲ ಹೊರದೇಶದ ಮಾತಾಯಿತು ಎನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯತ್ತ ನೋಡಬಹುದು. ಅಲ್ಲಿ ರಾಘವೇಂದ್ರ ಗದಗ್ಕರ್ ಅಣ್ವಿಕ ಜೀವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರೂ ಜೀವನದ ದುಡಿಮೆಯನ್ನು ಮೀಸಲಿಟ್ಟದ್ದು ಸಾಮಾನ್ಯ ಕಣಜಕ್ಕೆ. ಮಾಡಿನ ಕೆಳಗೆ, ಕಿಟಕಿಯ ಸಂದಿಯಲ್ಲಿ ಕಾಗದದಂಥ ಗೂಡು ಕಟ್ಟುವ, ಕಂಡೊಡನೆ ಪೊರಕೆ ಹುಡುಕುವಂತೆ ಮಾಡುವ ಆ ಹುಳುವಿನ ಶಾಸ್ತ್ರೀಯ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ಅವರೂ ಅವರ ವಿದ್ಯಾರ್ಥಿಗಳೂ ಒಂದೊಂದು ಕಣಜದ ಮೈಮೇಲೂ ಬಣ್ಣದ ಚುಕ್ಕೆಯಿಟ್ಟು, ಯಾವುದು ಯಾರೊಡನೆ ಹೇಗೆ ವರ್ತಿಸುತ್ತದೆ ಎಂದು ಗಂಟೆಗಟ್ಟಲೆ ಬರೆದುಕೊಂಡರು.

ಈ ಗೂಡಿನ ರಾಣಿ ಬಹಳ ಸಾಧು. ಯಾರ ಮೇಲೂ ಎರಗುವುದಿಲ್ಲ. ಅವಳನ್ನು ತೆಗೆದುಬಿಟ್ಟರೆ ಮಾತ್ರ ಕೆಲಸಗಾರ್ತಿಯರಲ್ಲಿ ಒಬ್ಬಳು ಇದ್ದಕ್ಕಿದ್ದಂತೆ ಜಗಳಗಂಟಿಯಾಗುತ್ತಾಳೆ. ಕೆಲವು ದಿನಗಳಲ್ಲಿ ಅವಳೇ ಮೊಟ್ಟೆಯಿಡುವ ಹೊಸ ರಾಣಿ. ಹಾಗಾದರೆ ರಾಣಿ ಇದ್ದಾಳೆಂಬ ಸುದ್ದಿ ಉಳಿದವರಿಗೆ ತಿಳಿಯುವುದು ಹೇಗೆ? ಗಾಳಿಯಲ್ಲಿ ಬರುವ ವಾಸನೆಯಿಂದಲೇ? ಗೂಡನ್ನು ಎರಡು ಹೋಳು ಮಾಡಿ ನಡುವೆ ತಂತಿಯ ಜಾಲರಿ ಇಟ್ಟು ನೋಡಿದರು. ವಾಸನೆ ದಾಟಬಹುದು, ಕಣಜ ದಾಟಲಾರದು. ರಾಣಿಯಿದ್ದ ಹೋಳು ಶಾಂತವಾಗಿತ್ತು. ರಾಣಿಯಿಲ್ಲದ ಹೋಳಿನಲ್ಲಿ ಹೊಸ ಜಗಳಗಂಟಿ ತಲೆಯೆತ್ತಿದಳು. ಗಾಳಿಯಲ್ಲಿ ತೇಲಿಬರುವ ವಾಸನೆ ಸಾಲದು ಎಂದಾಯಿತು. ಗೂಡು ಕತ್ತರಿಸಿದ್ದಕ್ಕೇ ಅವು ಕೆರಳಿದವು ಎನ್ನುವಂತಿಲ್ಲ; ಏಕೆಂದರೆ ಕತ್ತರಿಸಿಕೊಂಡದ್ದು ಎರಡು ಹೋಳೂ ಅಲ್ಲವೇ? ರಾಣಿಯಿದ್ದ ಹೋಳೇ ಇಲ್ಲಿ ಎರಡನೆಯ ಕುಂಡ.

ಈಗ ಶಾಲೆಯ ಪ್ರಯೋಗಾಲಯಕ್ಕೆ ಬರೋಣ. ದಾಸವಾಳದ ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಸುತ್ತಿ, ಬಿಸಿಲಿಗಿಟ್ಟು, ಆಮೇಲೆ ಎಲೆಯ ಹಸಿರನ್ನು ಸ್ಪಿರಿಟ್‌ನಲ್ಲಿ ತೆಗೆದು ಅಯೋಡಿನ್ ಹಾಕುವ ಪ್ರಯೋಗ ಪ್ರೌಢಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಬಿಸಿಲು ಬಿದ್ದ ಭಾಗ ಕಡುನೀಲಿಯಾಗಬೇಕು, ಮುಚ್ಚಿದ ಭಾಗ ಆಗಬಾರದು. ಎಷ್ಟೋ ಸಲ ಎಲೆ ಪೂರ್ತಿ ನೀಲಿಯಾಗಿಬಿಡುತ್ತದೆ. ಆಗ ಮಕ್ಕಳು ಏನು ಮಾಡುತ್ತಾರೆ? ಗೈಡ್ ನೋಡಿ, ಬರಬೇಕಾಗಿದ್ದ ಫಲಿತಾಂಶವನ್ನೇ ರೆಕಾರ್ಡ್ ಪುಸ್ತಕದಲ್ಲಿ ನೀಟಾಗಿ ಬರೆಯುತ್ತಾರೆ. ಸಹಿ ಬೀಳುತ್ತದೆ, ಅಂಕವೂ ಬರುತ್ತದೆ.

ಆ ಪೂರ್ತಿ ನೀಲಿ ಎಲೆ ನಿಜವನ್ನೇ ಹೇಳಿತ್ತು. ಗಿಡವನ್ನು ಮೊದಲು ಎರಡು ಮೂರು ದಿನ ಕತ್ತಲಲ್ಲಿ ಇಟ್ಟಿರದಿದ್ದರೆ, ಹಿಂದೆ ತಯಾರಾದ ಪಿಷ್ಟ ಎಲೆಯಲ್ಲಿ ಉಳಿದೇ ಇರುತ್ತದೆ. ಕಾಗದ ಸುತ್ತಿದ ಮಾತ್ರಕ್ಕೆ ಅದು ಮಾಯವಾಗುವುದಿಲ್ಲ. ‘ಯಾಕೆ ಹೀಗಾಯಿತು?’ ಎಂದು ಒಂದು ದಿನ ಯೋಚಿಸಿದ ಹುಡುಗಿ, ಗಿಡ ಆಹಾರ ತಯಾರಿಸುವುದಷ್ಟೇ ಅಲ್ಲ, ಕೂಡಿಟ್ಟು ಕತ್ತಲಲ್ಲಿ ಖರ್ಚು ಮಾಡುತ್ತದೆ ಎಂಬುದನ್ನೂ ತಾನಾಗಿಯೇ ಕಂಡುಕೊಳ್ಳುತ್ತಿದ್ದಳು. ಗೈಡ್ ನೋಡಿ ಬರೆದಾಗ ಈ ಪಾಠ ಕೈತಪ್ಪಿತು. ಜೊತೆಗೆ ಇನ್ನೊಂದು ಪಾಠ ಸದ್ದಿಲ್ಲದೆ ಒಳಸೇರಿತು: ಕಣ್ಣು ಕಂಡದ್ದಕ್ಕಿಂತ ಅಚ್ಚಾದದ್ದು ಹೆಚ್ಚು ಎಂಬ ಪಾಠ. ಮುಂದೆ ವೈದ್ಯಳಾಗಲಿ, ಎಂಜಿನಿಯರಾಗಲಿ, ಕೃಷಿ ಅಧಿಕಾರಿಯಾಗಲಿ, ಆ ಅಭ್ಯಾಸ ಅವಳ ಜೊತೆಗೇ ಹೋಗುತ್ತದೆ.

ಇದಕ್ಕೆ ಮಕ್ಕಳನ್ನು ದೂರುವುದು ನ್ಯಾಯವಲ್ಲ. ತರಗತಿಯಲ್ಲಿ ಪ್ರಯೋಗವನ್ನು ಮತ್ತೊಮ್ಮೆ ಮಾಡಲು ಹೊತ್ತಿರುವುದಿಲ್ಲ. ಮನೆಯಲ್ಲಿ ‘ಎಷ್ಟು ಬಂತು?’ ಎಂದು ಕೇಳುವವರಿದ್ದಾರೆಯೇ ಹೊರತು ‘ಏನು ಕಂಡೆ?’ ಎಂದು ಕೇಳುವವರಿಲ್ಲ. ಪರೀಕ್ಷೆಯ ಅಂಕ ಬೇಡವೆಂದಲ್ಲ. ಅದರ ಬೆಲೆ ಯಾವ ತಂದೆತಾಯಿಗೆ ತಿಳಿಯದು? ಆದರೆ ಈ ಎರಡನೆಯ ಪ್ರಶ್ನೆಗೆ ದುಡ್ಡು ಕೊಡಬೇಕಾಗಿಲ್ಲ, ಟ್ಯೂಷನ್ನೂ ಬೇಡ.

ಬರುವ ರಜೆಯಲ್ಲಿ ಎರಡು ತೆಂಗಿನ ಚಿಪ್ಪು ಸಾಕು. ಒಂದೇ ಅಳತೆಯ ಮಣ್ಣು, ಒಂದೇ ಡಬ್ಬಿಯ ಹೆಸರುಕಾಳು ಹತ್ತು ಹತ್ತು, ಒಂದೇ ಲೋಟದ ನೀರು. ಒಂದು ಚಿಪ್ಪು ಕಿಟಕಿಯ ಬೆಳಕಿನಲ್ಲಿ, ಇನ್ನೊಂದು ಪಕ್ಕದಲ್ಲೇ ಡಬ್ಬವೊಂದರ ಅಡಿಯಲ್ಲಿ. ವಾರದ ಕೊನೆಗೆ ಯಾವುದು ಹೆಚ್ಚು ಉದ್ದ ಬೆಳೆದಿರುತ್ತದೆ ಎಂದು ಮನೆಯವರೆಲ್ಲ ಮೊದಲೇ ಒಂದು ಚೀಟಿಯಲ್ಲಿ ಬರೆದಿಡಲಿ. ಸ್ಕೇಲು ಹಿಡಿದು ಅಳೆಯುವ ದಿನ ಹಿರಿಯರ ಚೀಟಿಗಳೂ ಒಂದಿಷ್ಟು ತಪ್ಪಾಗಬಹುದು. ಕತ್ತಲ ಮೊಳಕೆ ಹಾಗೇಕೆ ಬೆಳೆಯಿತು ಎಂದು ಮಗು ಕೇಳಿದರೆ ಉತ್ತರ ಹೇಳಲು ಆತುರಪಡಬೇಡಿ. ಅಡುಗೆಮನೆಯಿಂದ ಇನ್ನೆರಡು ಚಿಪ್ಪು ತಂದುಕೊಡಿ.