ಬಂದರಿಗೆ ಬೀಸದ ಗಾಳಿ

ಅರ್ಜಿ ಹಿಡಿದು ಹೋದ ನನಗೆ ಅಧಿಕಾರಿಯೊಬ್ಬರು, ‘ಇದು ಇನಾಪರ್ಚೂನ್ ಟೈಮ್, ಆಮೇಲೆ ಬನ್ನಿ’ ಅಂದರು. ಮಾರ್ಚ್ ತಿಂಗಳ ಲೆಕ್ಕಪತ್ರದ ಗಡಿಬಿಡಿ, ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ಅಷ್ಟು ಒಳ್ಳೆಯ ಪದವನ್ನು ಫೈಲುಗಳ ನಡುವೆ ಕೂರಿಸಿದ್ದಕ್ಕೆ ಮಾತ್ರ ಹೊಟ್ಟೆ ಉರಿಯಿತು.

ಅದು ಕಡಲಿನ ಪದ. ಲ್ಯಾಟಿನ್ನಿನಲ್ಲಿ ‘ಪೋರ್ಟುಸ್’ ಅಂದರೆ ಬಂದರು; ಹಡಗನ್ನು ಬಂದರಿನ ಕಡೆ ತರುವ ಗಾಳಿ ‘ಆಪರ್ಚೂನ್’. ಅಂಥ ಗಾಳಿ ಇಲ್ಲದ ಹೊತ್ತು ಇನಾಪರ್ಚೂನ್. ಸಾವಿಗೂ ಮಳೆಗೂ ಇಂಗ್ಲಿಷಿನವರು ‘ಅನ್‌ಟೈಮ್ಲಿ’ ಅನ್ನುತ್ತಾರೆ. ಮನೆಯಲ್ಲಿ ಜಗಳ ನಡೆಯುವಾಗ ಬಾಗಿಲು ತಟ್ಟುವ ನೆಂಟನಿಗೆ, ಸಂಬಳದ ಮಾತು ತೆಗೆಯಬಾರದ ಗಳಿಗೆಯಲ್ಲಿ ತೆಗೆದವನಿಗೆ ‘ಇನಾಪರ್ಚೂನ್’. ನೆಂಟ ಒಳ್ಳೆಯವನೇ, ಗಾಳಿ ಮಾತ್ರ ಅವನ ಕಡೆಗಿಲ್ಲ.

ಗಾಳಿಯ ಮಾತು ಬಂದರೆ ನನಗೆ ವಾಸ್ಕೋ ಡ ಗಾಮನ ನೆನಪು. 1498ರ ಏಪ್ರಿಲ್ 24ರಂದು ಆಫ್ರಿಕಾದ ಮಾಲಿಂದಿ ಬಿಟ್ಟವನು ಮೇ 20ಕ್ಕೆಲ್ಲ ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದ್ದ. ದಾರಿ ಬಲ್ಲ ನಾವಿಕನೊಬ್ಬ ಜೊತೆಗಿದ್ದ, ನೈಋತ್ಯದ ಗಾಳಿ ಬೆನ್ನಿಗಿತ್ತು. ಹೋಗುವಾಗ? ಕಲ್ಲಿಕೋಟೆಯ ದೊರೆ ಸಾಮೂದಿರಿಯ ಜನರೊಂದಿಗೆ ಸುಂಕದ ಜಗಳವಾಡಿಕೊಂಡು ಆಗಸ್ಟ್ 29ಕ್ಕೇ ಹಾಯಿ ಬಿಚ್ಚಿದ. ಆಫ್ರಿಕಾಕ್ಕೆ ಒಯ್ಯುವ ಈಶಾನ್ಯದ ಗಾಳಿ ನೆಲೆಗೊಳ್ಳುವುದು ನವೆಂಬರ್ ಹೊತ್ತಿಗೆ. ಅರಬ್ ನಾವಿಕರು ಅದಕ್ಕಾಗಿಯೇ ಮಲಬಾರಿನಲ್ಲಿ ಕಾದು ಕೂರುತ್ತಿದ್ದರು. ಇವನು ನಮ್ಮ ಕಾರವಾರದ ಎದುರಿಗಿರುವ ಅಂಜದೀವ ನಡುಗಡ್ಡೆಯಲ್ಲಿ ಕೆಲವು ದಿನ ನಿಂತು, ಹಡಗಿನ ತಳ ಕೆರೆಸಿಕೊಂಡು, ಅಕ್ಟೋಬರ್ ಮೊದಲ ವಾರದಲ್ಲೇ ಹೊರಟುಬಿಟ್ಟ. ಅಲ್ಲೇ ಇನ್ನೊಂದು ತಿಂಗಳು ಮೀನು ತಿಂದುಕೊಂಡು ಇರಬಾರದಿತ್ತೇ!

ಮುಂದಿನದು ನಗುವ ಕಥೆಯಲ್ಲ. ಗಾಳಿ ಸತ್ತ ಕಡಲು, ಇಲ್ಲದಿದ್ದರೆ ಎದುರುಗಾಳಿ. ಮೂರು ತಿಂಗಳು ನೆಲದ ಸುಳಿವಿಲ್ಲ. ಸ್ಕರ್ವಿ ಬಂದು ವಸಡು ಹಲ್ಲಿನ ಮೇಲೆ ಬೆಳೆದು ಬಾಯಿಗೆ ತುತ್ತು ಹೋಗದಂತಾಯಿತು. ಸುಮಾರು ಮೂವತ್ತು ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೈಕಾಲು ಆಡುವವರು ಏಳೆಂಟು ಮಂದಿ ಉಳಿದರು. 1499ರ ಜನವರಿಯಲ್ಲಿ ಮಾಲಿಂದಿ ಸೇರಿದ ಮೇಲೆ, ನಡೆಸಲು ಆಳಿಲ್ಲದೆ ಒಂದು ಹಡಗನ್ನು ತಾವೇ ಸುಟ್ಟರು. ಹಡಗಿನ ಮೂಲೆಯಲ್ಲಿ ನರಳುತ್ತ ಸತ್ತ ಆ ಆಳುಗಳನ್ನು ಹೊರಡುವ ದಿನ ಯಾವುದೆಂದು ಯಾರೂ ಕೇಳಿರಲಾರರು. ಲಿಸ್ಬನ್ನಿನಲ್ಲಿ ಗೌರವ ಸಿಕ್ಕಿದ್ದು ಗಾಮನಿಗೆ.

ನಮ್ಮ ಮೀನುಗಾರರ ಬಂದರು ಮಲ್ಪೆಯಲ್ಲಿ ಇಂದಿಗೂ ಮಳೆಗಾಲದ ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ದೋಣಿಗಳು ದಕ್ಕೆಯಲ್ಲೇ ಇರುತ್ತವೆ. ನೂಲು ಹುಣ್ಣಿಮೆಗೆ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು ಕೈ ಮುಗಿಯುತ್ತಾರೆ. ಸಾಲದ ಕಂತು ತಲೆಯ ಮೇಲಿದ್ದರೂ ಕಾಯುತ್ತಾರೆ. ಗಾಮನ ಹಡಗಿನಲ್ಲಿ ದೋಣಿ ನಡೆಸುವ ಮಲ್ಪೆಯ ತಾಂಡೇಲನೊಬ್ಬ ಇದ್ದಿದ್ದರೆ, ಅಂಜದೀವದಿಂದ ಲಂಗರು ಎತ್ತಲು ಬಿಡುತ್ತಲೇ ಇರಲಿಲ್ಲ.